ಲಾಮ್‌ನ ಪಾತ್ರಕ್ಕೆ ಬಂದವನು

ಸ್ಕ್ರೀನ್ ಟೆಸ್ಟಿನ ದಿನ ಲಾಮ್ ಕ್ಯಾಮೆರಾದ ಮುಂದೆ ಮರದ ಗೊಂಬೆಯ ಹಾಗೆ ನಿಂತುಬಿಟ್ಟ. ಹೇಳಬೇಕಾಗಿದ್ದದ್ದು ಒಂದೇ ಮಾತು: "ಇವತ್ತು ಪ್ರಾಕ್ಟೀಸ್ ಬೇಡ, ನಂಗೆ ಮನಸ್ಸಿಲ್ಲ." ವಾರಕ್ಕೊಮ್ಮೆಯಾದರೂ ಅವನ ಬಾಯಿಂದ ತಾನಾಗಿ ಬರುತ್ತಿದ್ದ ಮಾತು ಅದು. ಆದರೆ ದೀಪ ಹತ್ತಿಕೊಂಡದ್ದೇ ತಡ, ಬಾಯಿ ಒಣಗಿತು. ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಒಮ್ಮೆ ಜೇಬಿಗೆ ಹಾಕಿದ, ಒಮ್ಮೆ ಬೆನ್ನ ಹಿಂದೆ ಕಟ್ಟಿದ. ಬಾಯಿಪಾಠ ಒಪ್ಪಿಸುವ ಹುಡುಗನ ದನಿಯಲ್ಲಿ ಹೇಳಿ ಮುಗಿಸಿ ಕ್ಯಾಮೆರಾದ ಕಣ್ಣನ್ನೇ ದಿಟ್ಟಿಸುತ್ತ ನಿಂತ. ನಿರ್ದೇಶಕಿ ಟೋ ಮೇಡಂ ಸಿಟ್ಟಾಗಲಿಲ್ಲ. ನೀರು ಕುಡಿಸಿದರು, ಕೂತು ಹೇಳು ಎಂದರು, ನಡೆಯುತ್ತ ಹೇಳು ಎಂದರು. ಹೇಳಿದಷ್ಟೂ ಕೆಟ್ಟಿತು.

ಅವನಿಗಿಂತ ಮುಂಚೆ, ಅವನ ಬ್ಯಾಂಡಿನ ಜೊತೆಗಾರರಾದ ಶಿಂಗ್ ಮತ್ತು ಪಾವ್ ಇಬ್ಬರೂ ಅದೇ ದೀಪದ ಕೆಳಗೆ ಮನೆಯಲ್ಲಿದ್ದ ಹಾಗೆ ಮಾತಾಡಿ, ನಗಿಸಿ ಬಂದಿದ್ದರು.

ಮೂವರೂ ಕ್ವುನ್ ಟೊಂಗ್ ಬಡಾವಣೆಯ ಒಂದೇ ಸರ್ಕಾರಿ ವಸತಿ ಕಟ್ಟಡದಲ್ಲಿ ಬೆಳೆದವರು. ಶಿಂಗ್ ಹಾಡುತ್ತಿದ್ದ, ಬೇಸ್ ಗಿಟಾರ್ ಹಿಡಿಯುತ್ತಿದ್ದ. ಡ್ರಮ್ಸ್ ಬಾರಿಸುವವಳ ಹೆಸರು ಮಾನ್‌ಕೇಯ್. ಗಲ್ಲ ಎರಡೂ ಹಬೆಯಲ್ಲಿ ಬೆಂದ ಬನ್ನಿನ ಹಾಗೆ ಉಬ್ಬಿದ್ದರಿಂದ ಚಿಕ್ಕಂದಿನಿಂದಲೇ ಪಾವ್, ಅಂದರೆ ಬನ್ನು. ಲಾಮ್‌ದು ಗಿಟಾರ್. ಹೈಸ್ಕೂಲಿನಲ್ಲಿ ಕಟ್ಟಿದ ಬ್ಯಾಂಡು ಬಿದ್ದು ಎದ್ದು ಅವರ ಇಪ್ಪತ್ತನಾಲ್ಕನೆಯ ವಯಸ್ಸಿನವರೆಗೂ ಬಂದಿತ್ತು. ಹಗಲು ಹೊತ್ತು ಶಿಂಗ್ ಫೋನ್ ಅಂಗಡಿಯಲ್ಲಿ, ಪಾವ್ ಒಂದು ಈಜುಕೊಳದಲ್ಲಿ, ಲಾಮ್ ತನ್ನ ದೊಡ್ಡಮ್ಮನ ಸ್ಕೂಲ್ ಯೂನಿಫಾರಂ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ಕಾರ್ಖಾನೆಗಳು ಖಾಲಿಯಾಗಿದ್ದ ಹಳೆಯ ಕಟ್ಟಡವೊಂದರಲ್ಲಿ ಅವರ ಬ್ಯಾಂಡ್ ರೂಮು. ಪಕ್ಕದ ಬಾಗಿಲಲ್ಲಿ ಮೀನಿನ ಉಂಡೆ ಮಾಡುವವರು. ಆ ವಾಸನೆ ಗಿಟಾರಿನ ಚೀಲಕ್ಕೂ ಹತ್ತಿಕೊಂಡು, ಬಸ್ಸಿನಲ್ಲಿ ಜನ ಮೂಗು ಮುಚ್ಚಿಕೊಂಡು ಇವರ ಕಡೆ ತಿರುಗಿ ನೋಡುತ್ತಿದ್ದರು.

ಇಂಥ ಬ್ಯಾಂಡನ್ನು ಒಂದು ಚಿಕ್ಕ ಹಾಲಿನಲ್ಲಿ ಕೇಳಿ ಮೆಚ್ಚಿಕೊಂಡು, ಇವರ ಕಥೆಯನ್ನೇ ಸಿನಿಮಾ ಮಾಡುತ್ತೇನೆ, ಇವರಿಂದಲೇ ಆಡಿಸುತ್ತೇನೆ ಎಂದು ಬಂದವರು ಟೋ ಮೇಡಂ. ತಿಂಗಳುಗಟ್ಟಲೆ ಮೂವರ ಜೊತೆ ಚಹಾ ಅಂಗಡಿಯಲ್ಲಿ ಕೂತು, ಹರಟೆ ಹೊಡೆದು, ಚಿತ್ರಕಥೆ ಬರೆದರು. ಪಾತ್ರಗಳಿಗೂ ಇವರದೇ ಹೆಸರು.

ಟೆಸ್ಟಾದ ಮೇಲೆ ಅದೇ ಚಹಾ ಅಂಗಡಿಗೆ ಕರೆದು, ಮೇಡಂ ಸುತ್ತಿ ಬಳಸದೆ ಹೇಳಿದರು. ಸಿನಿಮಾದಲ್ಲಿ ಕೇಳುವ ಗಿಟಾರ್ ಲಾಮ್‌ದೇ. ಹತ್ತಿರದಿಂದ ತೋರಿಸುವ ಕೈಗಳೂ ಅವನವೇ. ಮುಖ ಮಾತ್ರ ಬೇರೆಯವರದು. ಅದಕ್ಕೊಬ್ಬ ನಟ ಬರುತ್ತಾನೆ, ಅವನಿಗೆ ಗಿಟಾರ್ ಹಿಡಿಯುವುದನ್ನು ಲಾಮ್‌ನೇ ಕಲಿಸಬೇಕು. ಪಾವ್ ಕಪ್ಪನ್ನು ಕುಕ್ಕಿ, ಹಾಗಾದರೆ ತಾನೂ ಮಾಡುವುದಿಲ್ಲ ಎಂದಳು. ಶಿಂಗ್ ತನ್ನ ಹಾಲು ಚಹಾವನ್ನು ಕದಡುತ್ತ ಕೂತಿದ್ದ. ಸಕ್ಕರೆ ಯಾವಾಗಲೋ ಕರಗಿತ್ತು. ಲಾಮ್ ನಕ್ಕ. ನಗಲೇಬೇಕಿತ್ತು.

"ನಂಗ್ಯಾಕ್ರೋ ಆಕ್ಟಿಂಗು? ನೀವಿಬ್ರೂ ಮಾಡಿ. ನಾನು ಮೇಷ್ಟ್ರಾಗ್ತೀನಿ, ಅದೇ ಆರಾಮು," ಎಂದ.

ಮೇಡಂ, ಪಾವ್, ಶಿಂಗ್ ಮೂವರೂ ಒಟ್ಟಿಗೆ ಉಸಿರು ಬಿಟ್ಟರು. ಆ ಉಸಿರಿನಲ್ಲಿ ಶಿಂಗ್‌ನದು ಎಲ್ಲರಿಗಿಂತ ಉದ್ದವಾಗಿತ್ತು ಎಂಬುದು ಲಾಮ್‌ಗೆ ಹೊಳೆದದ್ದು ಬಹಳ ತಡವಾಗಿ.

ನಟನ ಹೆಸರು ಚುಂಗ್‌ಯಾನ್. ಟೀವಿಯಲ್ಲಿ ಶಾಂಪೂ ಜಾಹೀರಾತಿನಲ್ಲಿ ತಲೆ ಕೊಡವುತ್ತಿದ್ದವನು. ಚಿತ್ರೀಕರಣ ಶುರುವಾಗುವ ಮೊದಲು ನಡೆಯುವ ಪೂಜೆಯ ದಿನ ಲಾಮ್ ಅವನನ್ನು ಮೊದಲು ನೋಡಿದ. ಕೆಂಪು ಬಟ್ಟೆ ಹಾಸಿದ ಮೇಜಿನ ಮೇಲೆ ಇಡೀ ಹುರಿದ ಹಂದಿ, ಹಣ್ಣು, ಧೂಪ. ನಟರೆಲ್ಲ ಮುಂದಿನ ಸಾಲಿನಲ್ಲಿ ಊದಿನಕಡ್ಡಿ ಹಿಡಿದು ನಾಲ್ಕು ದಿಕ್ಕಿಗೂ ಬಾಗಿದರು. ಕೈಗಳ ಕೆಲಸದವನಾದ ಲಾಮ್‌ಗೆ ಹಿಂದೆ, ದೀಪ ಹೊರುವವರ ಪಕ್ಕದಲ್ಲಿ ಜಾಗ ಸಿಕ್ಕಿತು. ಫೋಟೋ ತೆಗೆಯುವಾಗ ಶಿಂಗ್, ಚುಂಗ್‌ಯಾನ್, ಪಾವ್ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತರು. ಮಾರನೆಯ ದಿನ ಪೇಪರಿನಲ್ಲಿ ಬಂದ ಆ ಫೋಟೋದ ಕೆಳಗೆ ಮೂರು ಹೆಸರಿದ್ದವು, ನಡುವಿನವನ ಹೆಸರಿನ ಮುಂದೆ 'ಲಾಮ್ ಪಾತ್ರದಲ್ಲಿ' ಎಂದಿತ್ತು. ದೊಡ್ಡಮ್ಮ ಪೇಪರನ್ನು ಅಂಗಡಿಯ ಗೋಡೆಗೆ ಅಂಟಿಸಿದಳು. ಗಿರಾಕಿಗಳಿಗೆ ತೋರಿಸಿ, ಇದರಲ್ಲಿ ನಮ್ಮ ಹುಡುಗ ಕಾಣುವುದಿಲ್ಲ, ಆದರೆ ಇದು ನಮ್ಮ ಹುಡುಗನದೇ ಕಥೆ ಎಂದು ಹೇಳತೊಡಗಿದಳು. ಲಾಮ್ ಅದನ್ನು ಕಿತ್ತುಹಾಕಿದ. ಅವಳು ಇನ್ನೊಂದು ಪ್ರತಿ ತಂದು ಅಂಟಿಸಿದಳು.

ಚುಂಗ್‌ಯಾನ್ ಸೊಕ್ಕಿನವನಾಗಿದ್ದಿದ್ದರೆ ಲಾಮ್‌ಗೆ ಎಷ್ಟೋ ಹಗುರವಾಗುತ್ತಿತ್ತು. ಆದರೆ ಆ ಮನುಷ್ಯ ಬ್ಯಾಂಡ್ ರೂಮಿಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲ ಹೊರಗೆ ಕಾಯುತ್ತಿದ್ದ. ಮೀನಿನ ಉಂಡೆಯವರ ಜೊತೆ ಸ್ನೇಹ ಮಾಡಿಕೊಂಡು ಬಿಸಿ ಬಿಸಿ ಉಂಡೆ ಕಟ್ಟಿಸಿಕೊಂಡು ಬರುತ್ತಿದ್ದ. ಇಷ್ಟು ವರ್ಷದಲ್ಲಿ ಅವರು ಇವರಿಗೆ ಕೊಟ್ಟಿದ್ದದ್ದು ಬೈಗುಳ ಮಾತ್ರ. ಮೊದಲ ದಿನವೇ ಲಾಮ್‌ನನ್ನು ಬಗ್ಗಿ 'ಗುರುಗಳೇ' ಎಂದು ಕರೆದ. ಪಾವ್ ಬಿದ್ದು ಬಿದ್ದು ನಕ್ಕಳು. ಆಮೇಲೆ ಅವಳೂ ಶಿಂಗ್‌ನೂ ಅದನ್ನೇ ಹಿಡಿದುಕೊಂಡರು: ಗುರುಗಳೇ, ಆ ವೈರ್ ಕೊಡಿ, ಗುರುಗಳೇ, ನಿಮ್ಮ ಪ್ಯಾಂಟಿನ ಜಿಪ್ ನೋಡಿಕೊಳ್ಳಿ.

ಮೊದಮೊದಲು ಚುಂಗ್‌ಯಾನ್‌ನ ಬೆರಳುಗಳು ಅಕ್ಕಿ ಶಾವಿಗೆಯ ಹಾಗೆ ಮೆತ್ತಗೆ ತಂತಿಯ ಮೇಲೆ ಜಾರುತ್ತಿದ್ದವು. ಲಾಮ್‌ಗೆ ಅದನ್ನು ನೋಡುವುದೇ ಒಂದು ಸುಖ. ಬೇಕೆಂದೇ ಕಷ್ಟದ ಹಿಡಿತಗಳನ್ನು ಕೊಟ್ಟು, ಅವನ ಬೆರಳ ತುದಿ ಕೆಂಪಾಗಿ ಗುಳ್ಳೆ ಎದ್ದದ್ದನ್ನು ಕಂಡು, ಅಯ್ಯೋ ಎಂದ. ಕಲಿಸಬೇಕಾದದ್ದೆಲ್ಲ ಕಲಿಸಿದ, ಒಂದನ್ನು ಬಿಟ್ಟು. ಅವರ ಬ್ಯಾಂಡಿನ ಮುಖ್ಯ ಹಾಡಿನಲ್ಲಿ ಲಾಮ್ ಹೆಬ್ಬೆರಳನ್ನು ಗಿಟಾರಿನ ಕತ್ತಿನ ಮೇಲಿನಿಂದ ತಂದು ದಪ್ಪ ತಂತಿಯನ್ನು ಒತ್ತುತ್ತಿದ್ದ. ಹಾಡಿಗೆ ಒಂದು ಬಗೆಯ ಗದ್ಗದ ಬರುತ್ತಿದ್ದದ್ದು ಅಲ್ಲಿಂದಲೇ. ಅದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ, ಅವನೂ ಯಾರಿಗೂ ಹೇಳಿಕೊಡಲಿಲ್ಲ. ಚುಂಗ್‌ಯಾನ್ ಬಾರಿಸಿದರೆ ಹಾಡು ಸರಿಯಾಗಿಯೇ ಇರುತ್ತಿತ್ತು, ಆದರೆ ಸಪ್ಪಗೆ. ಯಾಕೋ ನಿಮ್ಮ ಹಾಗೆ ಕೇಳಿಸುವುದಿಲ್ಲ ಗುರುಗಳೇ ಎಂದು ಅವನು ತಲೆ ಕೆರೆದುಕೊಂಡಾಗ, ಅಭ್ಯಾಸ ಮಾಡಿದರೆ ಬರುತ್ತದೆ ಎಂದು ಲಾಮ್ ಹೇಳಿದ.

ಚಿತ್ರೀಕರಣ ಶುರುವಾದ ಮೇಲೆ ಲಾಮ್‌ನ ಹೊಟ್ಟೆಯಲ್ಲಿ ಬೆಂಕಿ ಸರಿಯಾಗಿ ಹತ್ತಿಕೊಂಡಿತು. ಚುಂಗ್‌ಯಾನ್ ಅವನನ್ನು ಗಮನಿಸುತ್ತಿದ್ದ. ಹಾಡು ಶುರು ಮಾಡುವ ಮುಂಚೆ ಲಾಮ್ ಗಂಟಲು ಸರಿಮಾಡಿಕೊಳ್ಳುವುದು, ತಂತಿ ಮೀಟುವ ಪಿಕ್ಕನ್ನು ತುಟಿಯಲ್ಲಿ ಕಚ್ಚಿಕೊಂಡು ಮಾತಾಡುವುದು, ಸಿಟ್ಟು ಬಂದಾಗ ಎಡಗಿವಿ ಎಳೆದುಕೊಳ್ಳುವುದು, ಎಲ್ಲವನ್ನೂ ಎತ್ತಿಕೊಂಡ. ಒಂದು ದಿನ ಊಟದ ಹೊತ್ತಿನಲ್ಲಿ ಅವನು ಕಿವಿ ಎಳೆದುಕೊಂಡು ಪಾವ್‌ಳನ್ನು ಬೈದು ತೋರಿಸಿದ. ಪಾವ್ ಮತ್ತು ಶಿಂಗ್ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದ ಲಾಮ್‌ನೂ ನಕ್ಕ, ನಗುತ್ತ ಕೈ ತನಗೇ ಗೊತ್ತಿಲ್ಲದೆ ಕಿವಿಗೆ ಹೋಯಿತು. ಅವರು ಇನ್ನೂ ಜೋರಾಗಿ ನಕ್ಕರು. ತನ್ನ ಜೊತೆ ಅವರಿಬ್ಬರೂ ಹೀಗೆ ನಕ್ಕು ಎಷ್ಟು ಕಾಲವಾಯಿತು ಎಂದು ಅವನು ಲೆಕ್ಕ ಹಾಕಿದ. ನೆನಪಾಗಲಿಲ್ಲ. ಅವರ ಜೊತೆ ಅವನು ಹೆಚ್ಚಾಗಿ ಜಗಳವಾಡುತ್ತಿದ್ದ, ಇಲ್ಲವೇ ಸುಮ್ಮನಿರುತ್ತಿದ್ದ. ಈ ಹೊಸ ಲಾಮ್ ತಮಾಷೆಯವನು, ಟೀ ತಂದುಕೊಡುವವನು, ಹೇಳಿದ ಹೊತ್ತಿಗೆ ಬರುವವನು.

ಆ ವಾರ ಒಂದು ರಾತ್ರಿ ಮನೆಗೆ ಹೋದರೆ ಅಡುಗೆಮನೆಯಲ್ಲಿ ತಾವರೆ ಗೆಡ್ಡೆಯ ಸೂಪಿನ ಪರಿಮಳ. ಹಬ್ಬಕ್ಕೆ ಮಾತ್ರ ಅಮ್ಮ ಮಾಡುತ್ತಿದ್ದ ಸೂಪು. ಪಾತ್ರೆ ತಳ ಕಾಣುತ್ತಿತ್ತು. ಚುಂಗ್‌ಯಾನ್ ಬಂದಿದ್ದನಂತೆ, ಪಾತ್ರ ಅರ್ಥಮಾಡಿಕೊಳ್ಳಲು.

"ಎರಡು ಬಟ್ಲು ಕುಡ್ದ ಕಣೋ. ನೀನಾಗಿದ್ರೆ ಅರ್ಧ ಬಿಡ್ತಿದ್ದೆ. ಬಟ್ಲು ತೊಳ್ದಿಟ್ಟು ಹೋದ," ಎಂದಳು ಅಮ್ಮ.

"ಎಲ್ಲಿ ಕೂತಿದ್ದ?"

"ಅಲ್ಲೇ, ನಿಮ್ಮಪ್ಪನ ಜಾಗದಲ್ಲಿ."

"ಅಪ್ಪನ ಜಾಗದಲ್ಲಿ ಯಾಕಮ್ಮ ಕೂರ್ಸಿದೆ?"

"ಮತ್ತೆ ತಲೆ ಮೇಲೆ ಕೂರ್ಸ್ಕೊಳ್ಳಲಾ? ಇರೋದೇ ಮೂರು ಸ್ಟೂಲು, ಒಂದ್ರ ಕಾಲು ಮುರ್ದಿದೆ."

ಅಮ್ಮ ಅವನಿಗೆ ಲಾಮ್‌ನ ಚಿಕ್ಕಂದಿನ ಫೋಟೋಗಳನ್ನೆಲ್ಲ ತೋರಿಸಿದ್ದಳು. ಅಪ್ಪನ ವಿಷಯವನ್ನೂ ಹೇಳಿದ್ದಳು: ಕೆಂಪು ಮಿನಿಬಸ್ಸು ಓಡಿಸುತ್ತಿದ್ದದ್ದು, ಗಿಟಾರನ್ನು ಕಂಡರೆ ಆಗುತ್ತಿರಲಿಲ್ಲ ಎಂಬುದು, ಒಂದು ಬೆಳಗ್ಗೆ ಸ್ಟಿಯರಿಂಗ್ ಹಿಡಿಯುವ ಮುಂಚೆಯೇ ಕುಸಿದು ಬಿದ್ದು ಹೋದದ್ದು. ಲಾಮ್‌ಗೆ ಹತ್ತೊಂಬತ್ತು ಆಗ. ಹೇಳುತ್ತ ತಾನು ಅತ್ತುಬಿಟ್ಟೆ, ಆ ಹುಡುಗನೂ ಅತ್ತ ಎಂದಳು. ಮಗನ ಮುಂದೆ ಅವಳು ಅಪ್ಪನ ಮಾತು ಎತ್ತಿದ್ದಿಲ್ಲ, ಮಗನೂ ಎತ್ತಲು ಬಿಟ್ಟಿದ್ದಿಲ್ಲ. ಲಾಮ್ ಊಟ ಬೇಡವೆಂದು ಗೋಡೆಗೆ ಮುಖ ಮಾಡಿ ಮಲಗಿದ.

ಇಷ್ಟನ್ನೂ ಅವನು ನುಂಗಿಕೊಳ್ಳುತ್ತಿದ್ದನೇನೋ. ಆದರೆ ಮುಂದಿನ ಪಾಠದ ದಿನ ಚುಂಗ್‌ಯಾನ್ ಗಿಟಾರ್ ಶ್ರುತಿ ಮಾಡುತ್ತ, ಬಹಳ ಮೆತ್ತಗೆ, ನೋಯಿಸಬಾರದೆಂಬ ದನಿಯಲ್ಲಿ ಕೇಳಿದ:

"ಗುರುಗಳೇ, ಕುರ್ಚಿ ಮೇಲೆ ಹಾಕಿದ್ರಲ್ಲ ಜಾಕೆಟ್ಟು, ಅದು ಯಾವ ಬಣ್ಣ?"

ಲಾಮ್‌ನ ಕಿವಿ ಗುಂಯ್ ಎಂದಿತು. ಶಾಲೆಯ ಹಾಲಿನಲ್ಲಿ ಅವರ ಮೊದಲ ಕಾರ್ಯಕ್ರಮವಾದ ದಿನ ಅವನು ಅಪ್ಪನಿಗಾಗಿ ಮುಂದಿನ ಸಾಲಿನಲ್ಲಿ ಒಂದು ಕುರ್ಚಿಗೆ ತನ್ನ ಜಾಕೆಟ್ ಹಾಕಿ ಕಾದಿರಿಸಿದ್ದ. ಅಪ್ಪ ಬರಲಿಲ್ಲ. ಹಾಡು ಮುಗಿಯುವ ತನಕ ಆ ಜಾಕೆಟ್ಟನ್ನೇ ನೋಡುತ್ತ ಗಿಟಾರ್ ನುಡಿಸಿದ್ದ. ಇದನ್ನು ಅವನು ತಾಯಿಗೆ ಹೇಳಿರಲಿಲ್ಲ, ಪಾವ್‌ಗೆ ಹೇಳಿರಲಿಲ್ಲ. ಅಪ್ಪ ತೀರಿಕೊಂಡ ವಾರ, ಕಟ್ಟಡದ ಮೆಟ್ಟಿಲ ಮೇಲೆ ಕೂತು ಶಿಂಗ್ ಒಬ್ಬನಿಗೆ ಹೇಳಿದ್ದ.

ಈಗ ಅದು ಸಿನಿಮಾದ ಕೊನೆಯ ದೃಶ್ಯವಾಗಿತ್ತು. ಲಾಮ್ ಚುಂಗ್‌ಯಾನ್‌ನ ಚಿತ್ರಕಥೆ ತೆಗೆದುಕೊಂಡು ಆ ಪುಟವನ್ನು ಮೊದಲ ಸಲ ಓದಿದ. ಸಿನಿಮಾದಲ್ಲಿ ಕುರ್ಚಿ ಖಾಲಿಯೇ ಇರುತ್ತದೆ. ಆದರೆ ಹಾಡಿನ ನಡುವೆ ಅಪ್ಪ ಬಂದು, ಹಾಲಿನ ಹಿಂದೆ ನಿಲ್ಲುತ್ತಾನೆ.

"ನೀಲಿ," ಎಂದ ಲಾಮ್. ಅದು ಹಸಿರಾಗಿತ್ತು.

ಕೊನೆಯ ದೃಶ್ಯದ ಚಿತ್ರೀಕರಣ ಒಂದು ಶಾಲೆಯ ಹಾಲಿನಲ್ಲಿ ಗೊತ್ತಾಯಿತು. ಆ ದಿನ ಲಾಮ್‌ನ ಕೈಗಳಿಗೂ ಕರೆ ಇತ್ತು. ಅವನು ಬೆಳಗ್ಗೆ ಸ್ನಾನ ಮಾಡಿ, ಉಗುರು ಕತ್ತರಿಸಿ, ಹೊರಟ. ಆದರೆ ಶಾಲೆಯ ಕಡೆಗಲ್ಲ. ದೋಣಿ ಹತ್ತಿ ಚುಂಗ್ ಚಾವ್ ದ್ವೀಪಕ್ಕೆ ಹೋದ. ದೋಣಿಯಲ್ಲೇ ಫೋನು ಆಫ್ ಮಾಡಿದ. ತಾನಿಲ್ಲದೆ ಹಾಡು ನಿಲ್ಲಬೇಕು, ಬಾಡಿಗೆಗೆ ಬಂದ ಜನ ಆಕಳಿಸಬೇಕು, ಮೇಡಂ ತಲೆ ಮೇಲೆ ಕೈ ಹೊತ್ತು ಕೂರಬೇಕು. ಶಿಂಗ್ ಎಲ್ಲರ ಎದುರಿಗೆ, ಲಾಮ್ ಇಲ್ಲದೆ ಆಗಲ್ಲ ಎನ್ನಬೇಕು. ಇದನ್ನು ಮತ್ತೆ ಮತ್ತೆ ಮನಸ್ಸಿನಲ್ಲಿ ಓಡಿಸುತ್ತ ಅವನು ದಡದ ಅಂಗಡಿಗಳ ಮುಂದೆ ಅಡ್ಡಾಡಿದ, ಮಾವಿನ ಹಣ್ಣು ತುಂಬಿದ ಅಕ್ಕಿಯ ಉಂಡೆ ತಿಂದ, ಬಲೆ ಹೊಲಿಯುವ ಮುದುಕಿಯ ಪಕ್ಕದಲ್ಲಿ ಕೂತ. ಮಧ್ಯಾಹ್ನದವರೆಗೂ ಆ ಚಿತ್ರ ರುಚಿಯಾಗಿತ್ತು. ಆಮೇಲೆ ಎದ್ದು ದೋಣಿಯ ಸಾಲಿಗೆ ಹೋಗಿ ನಿಂತ. ವಾಪಸ್ಸು ಬರುವ ದೋಣಿಯಲ್ಲಿ ಫೋನು ಆನ್ ಮಾಡಿದರೆ, ಬೆಳಗ್ಗೆ ಪಾವ್ ಕೆಲವು ಸಲ ಕರೆ ಮಾಡಿದ್ದಳು. ಮಧ್ಯಾಹ್ನ ಒಂದೇ ಒಂದು ಸಂದೇಶ: "ಮುಗೀತು. ಬರೋದು ಬೇಡ."

ಮಾರನೆಯ ದಿನ ಅವಳೇ ಅಂಗಡಿಗೆ ಬಂದಳು. ಶಾಲೆಗಳು ಶುರುವಾಗುವ ಕಾಲ, ಅಂಗಡಿ ತುಂಬ ತಾಯಂದಿರು. ಲಾಮ್ ಒಬ್ಬ ದಪ್ಪ ಹುಡುಗನ ಸೊಂಟದ ಅಳತೆ ತೆಗೆಯುತ್ತಿದ್ದ. ಪಾವ್ ಗಿರಾಕಿಗಳ ನಡುವೆಯೇ ಸ್ಕರ್ಟುಗಳ ರಾಶಿಯ ಮೇಲೆ ಕೂತುಬಿಟ್ಟಳು.

"ಜ್ವರ ಬಂದಿತ್ತಾ?" ಎಂದಳು.

"ಇಲ್ಲ."

"ಯಾರಾದ್ರೂ ಸತ್ರಾ?"

"ಇಲ್ಲ ಕಣೇ."

"ಹಾಗಾದ್ರೆ ನಾನೇ ಒಂದು ಬಿಡ್ತೀನಿ, ತಡಿ. ಆ ಹುಡುಗನ ಅಳತೆ ಮುಗೀಲಿ."

ಅವಳು ಹೊಡೆಯಲಿಲ್ಲ. ಲಾಮ್ ಕೇಳಬಾರದೆಂದುಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟ: ಕೈಗಳನ್ನು ಏನು ಮಾಡಿದರು? ಚುಂಗ್‌ಯಾನ್‌ನ ಕೈಗಳನ್ನೇ ತೆಗೆದರು ಎಂದಳು ಪಾವ್. ಮೇಡಂ ಮೊದಲು ಹೆದರಿದ್ದರು, ಆಮೇಲೆ, ಇದೇ ಚೆನ್ನಾಗಿದೆ, ಸ್ವಲ್ಪ ತಡವರಿಸಿದರೆ ಹುಡುಗನ ಕೈ ಅನಿಸುತ್ತದೆ ಎಂದರಂತೆ.

"ಹೆಬ್ಬೆರಳು?" ಎಂದ ಲಾಮ್.

"ಮೇಲಿಂದ ತಂದ, ನಿನ್ನ ಹಂಗೇ. ನಮ್ಮ ಸ್ಕೂಲಿನ ಹಳೇ ವೀಡಿಯೋ ಇತ್ತಲ್ಲ, ಅದನ್ನ ನೋಡಿ ನೋಡಿ ಕಲ್ತ್ಕೊಂಡ್ನಂತೆ. ನೀನು ಹೇಳ್ಕೊಡೋಕೆ ಮರ್ತಿದೀಯ ಅಂದ. ಮರ್ತಿದ್ದಾನೆ ಅಂತಾನೇ ಅಂದ, ಪಾಪ." ಆಮೇಲೆ, "ನೀನು ಮರೆಯೋನಲ್ಲ ಅಂತ ನಂಗೊತ್ತಿಲ್ವಾ?" ಎಂದಳು.

ದೊಡ್ಡಮ್ಮ ಒಳಗಿನಿಂದ, ಆ ಹುಡುಗಿ ಏನಾದರೂ ಕೊಳ್ಳುತ್ತಾಳೋ ಎಂದು ಕೂಗಿದಳು. ಪಾವ್ ಎದ್ದು ಹೋದಳು. ಅವಳು ಕೂತಿದ್ದ ಸ್ಕರ್ಟುಗಳನ್ನೆಲ್ಲ ಲಾಮ್ ಮತ್ತೆ ಮಡಿಸಿದ. ಮುಖವೂ ಬೇಕಾಗಿರಲಿಲ್ಲ, ಈಗ ಕೈಯೂ ಬೇಕಾಗಲಿಲ್ಲ. ಕೆಡಿಸಲು ಹೊರಟವನು ತಾನು, ಆದರೂ ನಷ್ಟವಾದವನ ಹಾಗೆ ಕೂತಿದ್ದೇನೆ ಎಂದು ಅವನಿಗೇ ನಾಚಿಕೆಯಾಯಿತು. ಆದರೆ ನಾಚಿಕೆಯಿಂದ ಉರಿ ಕಡಿಮೆಯಾಗಲಿಲ್ಲ.

ಇನ್ನು ಉಳಿದಿದ್ದದ್ದು ಅವನ ಶಬ್ದ ಮಾತ್ರ. ಚಳಿಗಾಲದ ಹೊತ್ತಿಗೆ ಹಾಡುಗಳನ್ನು ರೆಕಾರ್ಡ್ ಮಾಡಲು ಸ್ಟುಡಿಯೋಗೆ ಕರೆ ಬಂತು. ಹೋಗುವುದೋ ಬೇಡವೋ ಎಂದು ಎರಡು ಮನಸ್ಸು ಮಾಡಿ, ಕೊನೆಗೆ ಇದನ್ನೂ ಚುಂಗ್‌ಯಾನ್ ಕಲಿತುಬಿಟ್ಟರೆ ಎಂಬ ಭಯಕ್ಕೇ ಹೋದ. ಶಿಂಗ್ ಮತ್ತು ಪಾವ್ ಒಳಗೆ ವೈರು ಜೋಡಿಸುತ್ತಿದ್ದರು. ಟೋ ಮೇಡಂ ಅವನನ್ನು ಹೊರಗಿನ ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡರು. ಶಾಲೆಯ ಹಾಲಿಗೆ ಬಾರದೆ ಇದ್ದದ್ದಕ್ಕೆ ಅವನು ಕ್ಷಮೆ ಕೇಳಿದ. ಅವರು ಕೈ ಬೀಸಿ, ತಪ್ಪು ತನ್ನದೂ ಇತ್ತು ಎಂದರು. ಮೊದಲ ಟೆಸ್ಟು ಕೆಟ್ಟಮೇಲೆ ಒಂದು ಚಿಕ್ಕ ಕ್ಯಾಮೆರಾ ಹಿಡಿದುಕೊಂಡು ತಾನೊಬ್ಬಳೇ ಬ್ಯಾಂಡ್ ರೂಮಿಗೆ ಬಂದು, ದೀಪ ಗೀಪ ಇಲ್ಲದೆ ಅವನನ್ನು ಇನ್ನೊಮ್ಮೆ ನೋಡಬೇಕೆಂದಿದ್ದರಂತೆ.

"ಶಿಂಗ್ ಹೇಳ್ದ, ಬೇಡ ಮೇಡಂ, ಅವನಿಗೆ ತಪ್ಪಿಸ್ಕೊಂಡಿದ್ದೇ ಸಮಾಧಾನ ಆಗಿದೆ ಅಂತ. ಆದ್ರೂ ನಾನು ನಿನ್ನನ್ನೇ ಒಂದು ಮಾತು ಕೇಳ್ಬೇಕಿತ್ತು."

ಅವರು ಅದನ್ನು ಏನೂ ತಿಳಿಯದೆ, ಸಹಜವಾಗಿ ಹೇಳಿದರು. ಹೇಳಿ, ಯಾವುದೋ ಕರೆ ಬಂತೆಂದು ಎದ್ದು ಹೋದರು.

ಲಾಮ್ ಒಳಗೆ ಹೋಗಿ ಶಿಂಗ್‌ನ ಶರ್ಟಿನ ತೋಳು ಹಿಡಿದು ಮೆಟ್ಟಿಲಿಗೆ ಎಳೆದುಕೊಂಡು ಬಂದ. ಎಳೆದ ರಭಸಕ್ಕೆ ತೋಳಿನ ಹೊಲಿಗೆ ಬಿಚ್ಚಿತು. ಶಿಂಗ್ ಯಾಕೆ ಎಂದು ಕೇಳಲಿಲ್ಲ. ಗೋಡೆಗೆ ಒರಗಿ ನಿಂತ.

"ನೀನು ನನ್ನ ಕುರ್ಚಿ ಕಥೆ ಮೇಡಂಗೆ ಕೊಟ್ಟೆ. ಅದೂ ಸಾಲ್ದು ಅಂತ, ನನ್ನ ಜಾಗಾನೂ ಕೊಟ್ಟೆ," ಎಂದ ಲಾಮ್.

ಶಿಂಗ್ ಬಿಚ್ಚಿದ ತೋಳನ್ನು ಮೇಲೆಳೆದುಕೊಂಡ. ಆಮೇಲೆ ಮಾತಾಡಿದಾಗ ಅವನ ದನಿಯಲ್ಲಿ ಕ್ಷಮೆ ಇರಲಿಲ್ಲ, ಸಿಟ್ಟಿತ್ತು.

"ಮೇಡಂ ನಮ್ಮನ್ನ ಮೊದಲ್ನೇ ಸಲ ಕೇಳಿದ ದಿನ ಒಳಗೆ ಬಂದು ಏನಂದ್ರು ಗೊತ್ತಾ? ಗಿಟಾರ್ ಹುಡುಗ ಎಲ್ಲಿ ಅಂದ್ರು. ಹಾಡಿದ್ದು ನಾನು. ಬರ್ದಿದ್ದು ನಾನು. ಎಲ್ಲಾ ಕಡೆ ಹಂಗೇ. ಯಾರು ಬಂದ್ರೂ ನಿನ್ನ ಕೈ ಕುಲುಕ್ತಾರೆ, ನೀನು ಮುಖ ಗಂಟು ಹಾಕ್ಕೊಂಡು ನಿಂತಿರ್ತೀಯ. ಚಹಾ ಅಂಗಡೀಲಿ ತಿಂಗಳು ಕೂತು ನನ್ನ ಕಥೆ ಹೇಳ್ದೆ ಕಣೋ. ನಮ್ಮಪ್ಪ ಪ್ರತಿ ಶೋಗೂ ಬರ್ತಾನೆ, ತಪ್ಪು ಜಾಗದಲ್ಲಿ ಚಪ್ಪಾಳೆ ಹೊಡೀತಾನೆ. ಅದನ್ನ ಯಾರು ಸಿನಿಮಾ ಮಾಡ್ತಾರೆ? ಮೇಡಂ ಪೆನ್ನು ಮುಟ್ಲಿಲ್ಲ. ನಿನ್ನ ಕುರ್ಚಿ ಹೇಳಿದ್ ತಕ್ಷಣ ಅವರ ಕಣ್ಣು ತುಂಬ್ತು. ಬರ್ಕೊಂಡ್ರು. ಅದು ನನ್ದಾಗಿದ್ರೆ ಅಂತ ಅನ್ನಿಸ್ತು."

ಹೊಡೆಯಲು ಕೈ ಎತ್ತಿದ್ದ ಲಾಮ್ ಹಾಗೆಯೇ ನಿಂತ. ಸತ್ತ ತನ್ನ ಅಪ್ಪನ ಮೇಲೆ, ಖಾಲಿ ಕುರ್ಚಿಯ ಮೇಲೆ ಒಬ್ಬನಿಗೆ ಆಸೆಯಾಗಬಹುದು ಎಂದು ಅವನಿಗೆ ಎಂದೂ ಹೊಳೆದಿರಲಿಲ್ಲ. ತಿಂಗಳುಗಳಿಂದ ತಾನು ಬೆಂದದ್ದು ಒಂದು ಕಡೆ; ಅದೇ ಬೆಂಕಿಯಲ್ಲಿ ಶಿಂಗ್ ಎಷ್ಟೋ ವರ್ಷಗಳಿಂದ, ಅದೂ ತನ್ನ ಪಕ್ಕದಲ್ಲೇ ನಿಂತು, ತನ್ನ ತಾಳಕ್ಕೆ ತಾಳ ಹಾಕುತ್ತ ಬೆಂದಿದ್ದ.

"ಮೇಡಂ ಇನ್ನೊಂದ್ಸಲ ನೋಡಿದ್ದಿದ್ರೆ ನಾನು ಮಾಡ್ತಿದ್ನಾ?" ಎಂದು ಕೇಳಿದ.

"ಗೊತ್ತಿಲ್ಲ," ಎಂದ ಶಿಂಗ್. ಆಮೇಲೆ, "ಮಾಡ್ಬಿಡ್ತೀಯ ಅಂತ ಭಯ ಆಯ್ತು," ಎಂದ.

ಪಾವ್ ಬಾಗಿಲು ತೆರೆದು, ಇಬ್ಬರ ಮುಖ ನೋಡಿ, ಹರಿದ ತೋಳು ನೋಡಿ, ಹೊಡೆದಾಡುವುದಿದ್ದರೆ ಬೇಗ ಮುಗಿಸಿ, ಸ್ಟುಡಿಯೋ ಸಂಜೆಯವರೆಗೆ ಮಾತ್ರ ಎಂದಳು. ಅವರು ಒಳಗೆ ಹೋದರು. ರೆಕಾರ್ಡಿಂಗ್ ಅಷ್ಟೇನೂ ಚೆನ್ನಾಗಿ ಆಗಲಿಲ್ಲ. ಶಿಂಗ್ ಎರಡು ಕಡೆ ಸಾಹಿತ್ಯ ಮರೆತ, ಲಾಮ್ ಆತುರಪಟ್ಟ, ಪಾವ್ ಕೋಲು ಎಸೆದಳು. ಹಾಗೂ ಹೀಗೂ ಮುಗಿಯಿತು. ಆಮೇಲೆ ಬಹಳ ದಿನ ಲಾಮ್ ಶಿಂಗ್‌ನ ಜೊತೆ ಮಾತು ಬಿಟ್ಟ. ಶಿಂಗ್ ಒಮ್ಮೆ ವಸತಿ ಕಟ್ಟಡದ ಲಿಫ್ಟಿನಲ್ಲಿ ಸಿಕ್ಕು, ನಿಮ್ಮಮ್ಮ ಹೇಗಿದ್ದಾರೆ ಎಂದಾಗ, ಇದ್ದಾರೆ ಎಂದಷ್ಟೇ ಹೇಳಿ ಒಂದು ಮಹಡಿ ಮುಂಚೆಯೇ ಇಳಿದು ಮೆಟ್ಟಿಲು ಹತ್ತಿ ಹೋದ.

ಆದರೆ ಚುಂಗ್‌ಯಾನ್ ಬಿಡಲಿಲ್ಲ. ಸಿನಿಮಾ ಕೆಲಸ ಮುಗಿದ ಮೇಲೂ ಗಿಟಾರ್ ಹೊತ್ತುಕೊಂಡು ಬ್ಯಾಂಡ್ ರೂಮಿಗೆ ಬಂದ. ಯಾವ ಪಾತ್ರಕ್ಕೂ ಅಲ್ಲ, ಸುಮ್ಮನೆ ಕಲಿಯಬೇಕು ಎಂದ. ಲಾಮ್ ಅವನ ಕೈ ನೋಡಿದ. ಹೆಬ್ಬೆರಳನ್ನು ತರುತ್ತಿದ್ದ, ಆದರೆ ಮಣಿಕಟ್ಟನ್ನು ಬಿಗಿ ಹಿಡಿದಿದ್ದ. ವೀಡಿಯೋದಲ್ಲಿ ಅದು ತಿಳಿಯುವಂತಿರಲಿಲ್ಲ. ಹೇಳದೆ ಇರುವುದು ಈಗಲೂ ಸುಲಭವಿತ್ತು. ಆಮೇಲೆ ಅವನ ಮಣಿಕಟ್ಟನ್ನು ಹಿಡಿದು ಕೆಳಗೆ ಬಗ್ಗಿಸಿ, ಈಗ ಒತ್ತು ಎಂದ. ದಪ್ಪ ತಂತಿ ಹಾಡಿತು. ಚುಂಗ್‌ಯಾನ್‌ನ ಮುಖ ಅರಳಿತು. ಲಾಮ್‌ಗೆ ಹೊಟ್ಟೆಯೊಳಗೆ ಚುರಕ್ ಎಂದಿತು. ಆದರೂ ಕೈ ಬಿಡಲಿಲ್ಲ. ಜಾಕೆಟ್ಟು ಹಸಿರು ಬಣ್ಣದ್ದು ಎಂದೂ ಆ ದಿನ ಹೇಳಿದ. ತಡವಾಯಿತಲ್ಲ ಗುರುಗಳೇ, ನೀಲಿಯದನ್ನೇ ಹಾಕಿ ತೆಗೆದೆವಲ್ಲ ಎಂದು ಚುಂಗ್‌ಯಾನ್ ಪೇಚಾಡಿದ.

ವಸಂತದಲ್ಲಿ ಸಿನಿಮಾ ಮೊಂಗ್ ಕೊಕ್‌ನ ಒಂದು ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ಭಾನುವಾರ ಮಧ್ಯಾಹ್ನದ ಆಟಕ್ಕೆ ಲಾಮ್ ಅಮ್ಮನನ್ನು ಕರೆದುಕೊಂಡು ಹೋದ. ಮುಂದಿನ ಸಾಲಿನಲ್ಲಿ ಶಿಂಗ್, ಅವನ ಅಪ್ಪ, ಪಾವ್, ಚುಂಗ್‌ಯಾನ್ ಕೂತಿದ್ದರು. ಲಾಮ್ ಹಿಂದೆ ಕೂತ. ಸಿನಿಮಾ ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಒಪ್ಪಿಕೊಳ್ಳಲು ಅವನಿಗೆ ಅರ್ಧ ಸಿನಿಮಾ ಬೇಕಾಯಿತು. ಕೊನೆಯ ದೃಶ್ಯ ಬಂತು. ನೀಲಿ ಜಾಕೆಟ್ಟಿನ ಕುರ್ಚಿ, ವೇದಿಕೆಯ ಮೇಲೆ ಮೂವರು, ತನ್ನ ಗಿಟಾರಿನ ಸದ್ದು. ಹಾಲಿನ ಹಿಂಬಾಗಿಲು ತೆರೆದು, ಹೆಗಲ ಮೇಲೆ ಟವೆಲು ಹಾಕಿಕೊಂಡ ಮಿನಿಬಸ್ಸಿನ ಚಾಲಕ ಒಳಗೆ ಬಂದು ಗೋಡೆಗೆ ಒರಗಿ ನಿಂತ. ಪರದೆಯ ಮೇಲಿನ ಲಾಮ್ ತಲೆ ಎತ್ತಿ ಅವನನ್ನು ಕಂಡ.

ಇಷ್ಟು ದಿನ ಚುಂಗ್‌ಯಾನ್‌ನ ಮೇಲೆ, ಶಿಂಗ್‌ನ ಮೇಲೆ, ಸೂಪು ಕುಡಿದ ಬಟ್ಟಲಿನ ಮೇಲೆ ಅವನು ಪಟ್ಟ ಹೊಟ್ಟೆಕಿಚ್ಚೆಲ್ಲ ಇದರ ಮುಂದೆ ಏನೂ ಅಲ್ಲ ಎನ್ನಿಸಿತು. ಆ ಹುಡುಗನ ಅಪ್ಪ ಬಂದಿದ್ದ. ಬರೀ ಬೆಳಕಿನಲ್ಲಿ ಮಾಡಿದ ಹುಡುಗ ಅವನು, ಅವನಿಗೆ ಸಿಕ್ಕಿತು, ತನಗೆ ಸಿಗಲಿಲ್ಲ. ಲಾಮ್ ಅಳು ತಡೆದು ಹಲ್ಲು ಕಚ್ಚಿ ಕೂತ. ಪಕ್ಕದಲ್ಲಿ ಅಮ್ಮ ಮೂಗು ಒರೆಸಿಕೊಂಡಳು, ಅವನ ಕಡೆ ವಾಲಿದಳು.

"ನಿಮ್ಮಪ್ಪ ಬಂದಿದ್ರೂ ಹೀಗೇ ಹಿಂದೆ ನಿಲ್ತಿದ್ರು ಕಣೋ. ಕೂರ್ತಿರ್ಲಿಲ್ಲ. ಗಾಡಿ ಎಲ್ಲಿ ನಿಲ್ಸಿದೀನೋ, ಪೊಲೀಸ್ನೋನು ಚೀಟಿ ಅಂಟಿಸ್ತಾನೋ ಅಂತ ಅದೇ ಯೋಚ್ನೆ."

ಲಾಮ್‌ಗೆ ಅಳುವಿನ ನಡುವೆ ನಗು ಬಂತು. ಅಮ್ಮನಿಗೂ ಬಂತು. ಮುಂದಿನ ಸಾಲಿನಲ್ಲಿ ಹಾಡು ಮುಗಿಯುವ ಮುಂಚೆಯೇ ಶಿಂಗ್‌ನ ಅಪ್ಪ ಜೋರಾಗಿ ಚಪ್ಪಾಳೆ ಹೊಡೆದ.

ಹೊರಗೆ ಬಾಗಿಲಲ್ಲಿ ಹುಡುಗಿಯರು ಚುಂಗ್‌ಯಾನ್ ಮತ್ತು ಶಿಂಗ್‌ನನ್ನು ಮುತ್ತಿಕೊಂಡಿದ್ದರು. ಇವರೇ ನಿಜವಾದ ಲಾಮ್ ಎಂದು ಚುಂಗ್‌ಯಾನ್ ಕೂಗಿ ಹೇಳಿದ. ಒಬ್ಬ ಹುಡುಗಿ ಸಂತೋಷದಿಂದ ತಲೆ ಬಗ್ಗಿಸಿ, ಹಾಗಾದರೆ ದಯವಿಟ್ಟು ನಮ್ಮದೊಂದು ಫೋಟೋ ತೆಗೆಯುತ್ತೀರಾ ಎಂದು ಲಾಮ್‌ನ ಕೈಗೆ ಫೋನು ಕೊಟ್ಟಳು. ಪಾವ್ ನಗು ತಡೆಯಲಾರದೆ ಗೋಡೆಗೆ ಮುಖ ಮಾಡಿದಳು. ಲಾಮ್ ತೆಗೆದ. ಚೆನ್ನಾಗಿಯೇ ತೆಗೆದ.

ಆಮೇಲೆ ಲಾಮ್‌ನ ಅಮ್ಮನನ್ನೂ ಶಿಂಗ್‌ನ ಅಪ್ಪನನ್ನೂ ಬಸ್ಸು ಹತ್ತಿಸಿ, ಚುಂಗ್‌ಯಾನ್ ಇನ್ನೊಂದು ಚಿತ್ರಮಂದಿರಕ್ಕೆ ಓಡಿದ ಮೇಲೆ, ಮೂವರೂ ಒಂದು ಚಹಾ ಅಂಗಡಿಯಲ್ಲಿ ಕೂತರು. ಚಹಾ ಬಂದ ಮೇಲೆ ಶಿಂಗ್, ತನಗೆ ಟೀವಿ ಧಾರಾವಾಹಿಯೊಂದರಲ್ಲಿ ಪಾತ್ರ ಸಿಕ್ಕಿದೆ ಎಂದ. ಭಾನುವಾರಗಳಂದು ಚಿತ್ರೀಕರಣ. ಭಾನುವಾರ ಅವರ ಪ್ರಾಕ್ಟೀಸಿನ ದಿನ. ಅವನು ಅದನ್ನು ಹೇಳಿ ಕಪ್ಪಿನೊಳಗೆ ನೋಡುತ್ತ ಕೂತ.

ಲಾಮ್‌ನ ಒಳಗೆ ಹಳೆಯ ಉರಿ ಮತ್ತೆ ಎದ್ದಿತು. ಅದು ಎದ್ದದ್ದನ್ನು ಅವನು ಗುರುತಿಸಿದ, ಈಗ ಅದು ಪರಿಚಯದ್ದಾಗಿತ್ತು. ಶಿಂಗ್‌ನ ಮುಖದಲ್ಲಿ, ಗೆದ್ದವನು ಎದುರಿನವನ ಮುಖ ನೋಡುವ ಬಗೆಯೂ ಅವನಿಗೆ ಕಂಡಿತು, ಅದರ ಹಿಂದಿನ ಹೆದರಿಕೆಯೂ ಕಂಡಿತು.

"ಯಾವ ಪಾತ್ರ?" ಎಂದು ಕೇಳಿದ.

"ಆಂಬುಲೆನ್ಸ್ ಡ್ರೈವರು. ಮೂರನೇ ವಾರದಲ್ಲಿ ಸಾಯ್ತೀನಿ."

"ಸಾಯೋದು ನಿಂಗೆ ಬರುತ್ತಾ?"

"ನೋಡ್ಬೇಕು."

ಲಾಮ್ ಬೆಣ್ಣೆ ಹಾಕಿದ ಬನ್ನನ್ನು ಮುರಿದು, ದೊಡ್ಡ ಚೂರನ್ನು ತಾನಿಟ್ಟುಕೊಂಡು ಚಿಕ್ಕದನ್ನು ಅವನ ತಟ್ಟೆಗೆ ಹಾಕಿದ.

"ಹಾಗಾದ್ರೆ ಶನಿವಾರ ಇಟ್ಕೊಳ್ಳೋಣ," ಎಂದ.

ಶನಿವಾರ ತನಗೆ ಈಜುಕೊಳದಲ್ಲಿ ಡ್ಯೂಟಿ, ತನ್ನನ್ನು ಯಾರಾದರೂ ಒಂದು ಮಾತು ಕೇಳಿದಿರಾ ಎಂದು ಪಾವ್ ಜಗಳಕ್ಕೆ ನಿಂತಳು. ಮಂಗಳವಾರ ದೊಡ್ಡಮ್ಮ ಬಿಡುವುದಿಲ್ಲ, ಬುಧವಾರ ಮೀನಿನ ಉಂಡೆಯವರು ಯಂತ್ರ ಓಡಿಸುತ್ತಾರೆ. ಶಿಂಗ್ ಗುರುವಾರ ಎಂದ. ಇದೆಲ್ಲ ನಿನ್ನಿಂದಲೇ ಎಂದು ಇಬ್ಬರೂ ಒಟ್ಟಿಗೆ ಅವನನ್ನು ಬೈದರು. ಅಂಗಡಿಯವನು ಬಂದು, ಇನ್ನೇನಾದರೂ ಬೇಕಾ, ಇಲ್ಲದಿದ್ದರೆ ಎದ್ದೇಳಿ, ಜನ ಕಾಯುತ್ತಿದ್ದಾರೆ ಎಂದ. ಲಾಮ್ ಇನ್ನೂ ಮೂರು ಚಹಾ ಹೇಳಿದ.